ಆಕ್ಸಿಜನ್ ಸೆನ್ಸರ್ ಕೈಕೊಟ್ಟಾಗ ಕೊಡಗಿನ ಘಟ್ಟದಲ್ಲಿ ಕಾರು ಓಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಐದು ತಿಂಗಳು ನನ್ನ ಕಾರಿನ ಆಕ್ಸಿಜನ್ ಸೆನ್ಸರ್ ವೈರ್ ಬಿಚ್ಚಿಯೇ ಇತ್ತು. ನನಗೆ ಗೊತ್ತಿರಲಿಲ್ಲ. ಮಳೆಗಾಲದ ಕೊನೆಯಲ್ಲಿ ಚೆಕ್ ಎಂಜಿನ್ ಲೈಟ್ ಬಂದಿತ್ತು, ಕಾರು ಜಗ್ಗುತ್ತಿತ್ತು. ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ನನಗೆ ಹೇಳದೆ ಆ ವೈರ್ ಬಿಚ್ಚಿದ್ದರು. ಜಗ್ಗುವುದು ನಿಂತಿತು. "ಲೈಟ್ ಇರಲಿ ಬಿಡಿ, ಏನೂ ಆಗಲ್ಲ" ಅಂದರು. ನಂಬಿದೆ. ಮಾರ್ಚ್‌ನಲ್ಲಿ ಸುಳ್ಯದಿಂದ ವಾಪಸ್ ಬರುವಾಗ ಸಂಪಾಜೆ ಘಟ್ಟದಲ್ಲಿ ಕಾರು ಮೂರನೇ ಗೇರಿನಲ್ಲಿ ಎಳೆಯಲೇ ಇಲ್ಲ. ಎರಡಕ್ಕೆ ಇಳಿಸಿದೆ, ಆಮೇಲೆ ಒಂದಕ್ಕೆ. ಮಡಿಕೇರಿ ತಲುಪುವಷ್ಟರಲ್ಲಿ ಕೆಳಗಿಂದ ಕೊಳೆತ ಮೊಟ್ಟೆಯ ವಾಸನೆ. ಬಿಚ್ಚಿ ನೋಡಿದಾಗ ಕ್ಯಾಟಲಿಟಿಕ್ ಕನ್ವರ್ಟರ್‌ನ (ಹೊಗೆಯ ವಿಷ ತಗ್ಗಿಸುವ ಡಬ್ಬಿ, ಚಿಕ್ಕದಾಗಿ ಕ್ಯಾಟ್) ಒಳಗಿನ ಜೇನುಗೂಡು ಕರಗಿ ಅರ್ಧ ಮುಚ್ಚಿಹೋಗಿತ್ತು. ಕೆಲವು ಸಾವಿರದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಅದರ ಹಲವು ಪಟ್ಟು ಖರ್ಚಾಯಿತು.

ಈ ಸೆನ್ಸರ್ ಕೆಟ್ಟರೂ, ಬಿಚ್ಚಿದರೂ ಕಾರು ಓಡುತ್ತದೆ. ನಿಮ್ಮನ್ನು ಮನೆಗೆ, ಅಲ್ಲಿಂದ ಗ್ಯಾರೇಜಿಗೆ ಸಾಮಾನ್ಯವಾಗಿ ಮುಟ್ಟಿಸುತ್ತದೆ. ಆದರೆ ಅಷ್ಟಕ್ಕೆ ಮಾತ್ರ. ತಿಂಗಳುಗಟ್ಟಲೆ ಹಾಗೇ ಓಡಿಸಬೇಡಿ. ಅದರಲ್ಲೂ ನಮ್ಮ ಏರು ಇಳಿತದ ರಸ್ತೆಗಳಲ್ಲಿ ಬೇಡವೇ ಬೇಡ.

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಕಾರಿಗೆ. ತೋಟದ ಹಳೆ ಡೀಸೆಲ್ ಜೀಪಿಗೆ ಈ ಸೆನ್ಸರೇ ಇಲ್ಲ. ಕಾರ್ಬ್ಯುರೇಟರ್ ಇದ್ದ ಹಳೆಯ ಮಾರುತಿ 800ಕ್ಕೂ ಇದು ಅನ್ವಯಿಸುವುದಿಲ್ಲ.

ಈ ಸೆನ್ಸರ್ ಮಾಡುವ ಕೆಲಸ

ಎಂಜಿನ್‌ನಿಂದ ಹೊರಬರುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಇದು ನೋಡುತ್ತದೆ. ಜಾಸ್ತಿ ಉಳಿದಿದ್ದರೆ ಪೆಟ್ರೋಲ್ ಕಡಿಮೆಯಾಗಿದೆ ಎಂದರ್ಥ. ಏನೂ ಉಳಿದಿಲ್ಲ ಅಂದರೆ ಪೆಟ್ರೋಲ್ ಜಾಸ್ತಿಯಾಗಿದೆ. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲ್ ಬೆರೆತ ಪೆಟ್ರೋಲಿಗೆ ಸ್ವಲ್ಪ ಕಡಿಮೆ ಸಾಕು. ಈ ಲೆಕ್ಕ ತಪ್ಪದ ಹಾಗೆ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಕ್ಷಣಕ್ಷಣಕ್ಕೂ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಾ ಇರುತ್ತದೆ. ಅದಕ್ಕೆ ಕಣ್ಣು ಈ ಸೆನ್ಸರ್. 1976ರಲ್ಲಿ ವೋಲ್ವೊ ಕಾರಿನಲ್ಲಿ ಬಾಷ್ ಕಂಪನಿಯ ಸೆನ್ಸರ್ ಮೊದಲು ಬಂದಿತು. ಗ್ಯಾರೇಜುಗಳಲ್ಲಿ ಇದನ್ನು ಓಟು (O2) ಸೆನ್ಸರ್ ಅಂತಲೂ ಲ್ಯಾಂಬ್ಡಾ ಸೆನ್ಸರ್ ಅಂತಲೂ ಕರೆಯುತ್ತಾರೆ.

ಜಿರ್ಕೋನಿಯಾ ಎಂಬ ಪಿಂಗಾಣಿಯಿಂದ ಮಾಡಿದ ಮಾಮೂಲಿ ಸೆನ್ಸರ್ ಒಂದು ಪುಟ್ಟ ಬ್ಯಾಟರಿಯ ಹಾಗೆ. ಪೆಟ್ರೋಲ್ ಜಾಸ್ತಿ ಇದ್ದರೆ 0.8, 0.9 ವೋಲ್ಟ್ ಕೊಡುತ್ತದೆ. ಕಡಿಮೆ ಇದ್ದರೆ 0.1 ವೋಲ್ಟ್. ನಡುವಿನ ಗೆರೆ 0.45. ಆದರೆ ಚೆನ್ನಾಗಿ ಬಿಸಿಯಾಗದೆ, ಅಂದರೆ ಸುಮಾರು 300 ಡಿಗ್ರಿ ದಾಟದೆ, ಇದು ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಒಳಗೆ ಒಂದು ಹೀಟರ್ ಇಟ್ಟಿದ್ದಾರೆ.

ಈಗಿನ ಕಾರುಗಳಲ್ಲಿ ಇಂಥ ಸೆನ್ಸರ್ ಸಾಮಾನ್ಯವಾಗಿ ಎರಡು. ಒಂದು ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದೆ, ಎಂಜಿನ್ ಹತ್ತಿರ. ಇನ್ನೊಂದು ಅದರ ಹಿಂದೆ. ಮುಂದಿನದು ಪೆಟ್ರೋಲ್ ಲೆಕ್ಕ ಇಡುತ್ತದೆ. ಹಿಂದಿನದು ಮುಖ್ಯವಾಗಿ ಕ್ಯಾಟ್ ಕೆಲಸ ಮಾಡುತ್ತಿದೆಯಾ ಎಂದು ಕಾವಲು ಕಾಯುತ್ತದೆ. ಹಿಂದಿನದು ಕೆಟ್ಟರೆ ಓಟದಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣದು. ಮುಂದಿನದು ಕೆಟ್ಟರೆ ಪರ್ಸಿಗೂ ಎಂಜಿನ್ನಿಗೂ ಏಟು.

ಕೊಡಗಿನಲ್ಲಿ ಇದು ಯಾಕೆ ಜಾಸ್ತಿ ಮುಖ್ಯ ಎಂದರೆ, ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಗಾಳಿಗಿಂತ ಇಲ್ಲಿನ ಗಾಳಿ ಸುಮಾರು ಹತ್ತನೇ ಒಂದು ಭಾಗದಷ್ಟು ತೆಳು. ಮೂರ್ನಾಲ್ಕು ಗಂಟೆಯೊಳಗೆ ಕಾರು ಒಂದು ಗಾಳಿಯಿಂದ ಇನ್ನೊಂದು ಗಾಳಿಗೆ ಬಂದಿರುತ್ತದೆ. ಗಾಳಿಯ ಒತ್ತಡ ಅಳೆಯಲು ಬೇರೆ ಸೆನ್ಸರ್ ಇದೆ, ನಿಜ. ಆದರೆ ಕೊನೆಯ ತಾಳೆ ನೋಡುವುದು ಆಕ್ಸಿಜನ್ ಸೆನ್ಸರೇ. ಅದಿಲ್ಲದಾಗ ಇಸಿಯು ತನ್ನೊಳಗಿನ ಸಿದ್ಧ ಲೆಕ್ಕದ ಮೇಲೆ ಕುರುಡಾಗಿ ಪೆಟ್ರೋಲ್ ಸುರಿಯುತ್ತದೆ. ಕಡಿಮೆಯಾಗಿ ಎಂಜಿನ್ ಕೆಡುವುದು ಬೇಡ ಎಂದು ಆ ಲೆಕ್ಕ ಸ್ವಲ್ಪ ಧಾರಾಳವಾಗಿಯೇ ಇರುತ್ತದೆ.

ಹಂತ 1: ಲೈಟ್ ಹೇಗೆ ಉರಿಯುತ್ತಿದೆ ನೋಡಿ

ಚೆಕ್ ಎಂಜಿನ್ ಲೈಟ್ ಸುಮ್ನೆ ಉರಿಯುತ್ತಾ ಇದ್ದರೆ ನಿಧಾನವಾಗಿ ಮುಂದೆ ಹೋಗಬಹುದು. ಮಿನುಗುತ್ತಿದ್ದರೆ ಹೋಗಬೇಡಿ. ಮಿನುಗುವುದು ಮಿಸ್‌ಫೈರ್‌ನ, ಅಂದರೆ ಎಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯದಿರುವುದರ ಗುರುತು. ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಕೆಲವೇ ಕಿಲೋಮೀಟರ್‌ನಲ್ಲಿ ಅದು ಹಾಳಾಗಬಹುದು. ಆಕ್ಸಿಲೇಟರ್‌ನಿಂದ ಕಾಲು ತೆಗೆಯಿರಿ, ಅಗಲವಾದ ಜಾಗ ನೋಡಿ ನಿಲ್ಲಿಸಿ. ಮಾಕುಟ್ಟ ಅಥವಾ ಆನೆಚೌಕೂರಿನಂಥ ಕಾಡಿನ ರಸ್ತೆಯಲ್ಲಿದ್ದರೆ ಮಾತ್ರ ಕಾರಿನಿಂದ ಇಳಿಯಬೇಡಿ. ಅಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಕಡಿಮೆ ವೇಗದಲ್ಲಿ ಚೆಕ್‌ಪೋಸ್ಟ್‌ವರೆಗೆ ಬನ್ನಿ. ಕ್ಯಾಟ್ ಹೋದರೂ ಹೋಗಲಿ, ಆನೆ ಓಡಾಡುವ ಜಾಗದಲ್ಲಿ ಬಾನೆಟ್ ಎತ್ತಿ ನಿಲ್ಲಬಾರದು.

ಹಂತ 2: ಕೋಡ್ ಓದಿ

ಸ್ಟೀರಿಂಗ್ ಕೆಳಗೆ 16 ಪಿನ್‌ನ ಓಬಿಡಿ ಸಾಕೆಟ್ ಇರುತ್ತದೆ. ಇಸಿಯು ದಾಖಲಿಸಿದ ದೂರುಗಳ ಕೋಡ್ ಓದುವುದು ಇಲ್ಲಿಂದ. ಒಂದು ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡರೆ ಕೋಡ್ ಕಾಣುತ್ತದೆ. ಗ್ಯಾರೇಜು ದೂರ ಇರುವ ನಮ್ಮಂಥವರು ಇದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರಲೇಬೇಕು ಅನ್ನುತ್ತೇನೆ.

ಪಿ0130ರಿಂದ ಪಿ0135ರವರೆಗೆ ಮುಂದಿನ ಸೆನ್ಸರ್‌ನ ದೂರು. ಪಿ0136ರಿಂದ ಪಿ0141 ಹಿಂದಿನದರದು. ಪಿ0135, ಪಿ0141 ಬಂದರೆ ಆಯಾ ಸೆನ್ಸರ್‌ನ ಹೀಟರ್ ಕಥೆ. ಪಿ0171 ಅಂದರೆ ಪೆಟ್ರೋಲ್ ಕಡಿಮೆಯಾಗುತ್ತಿದೆ, ಪಿ0172 ಅಂದರೆ ಜಾಸ್ತಿಯಾಗುತ್ತಿದೆ. ಪಿ0420 ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುತ್ತದೆ.

ಕೋಡ್ ಬಂತು ಅಂತ ಸೆನ್ಸರ್ ಕೊಳ್ಳಲು ಓಡಬೇಡಿ. ಪಿ0171 ಬಂದಾಗ ಎಷ್ಟೋ ಸಲ ಸೆನ್ಸರ್ ಸತ್ಯವನ್ನೇ ಹೇಳುತ್ತಿರುತ್ತದೆ. ತಪ್ಪು ಒಡೆದ ಗಾಳಿಯ ಪೈಪಿನದೋ, ಸೋತ ಪೆಟ್ರೋಲ್ ಪಂಪಿನದೋ ಆಗಿರುತ್ತದೆ. ಕೋಡ್ ಬರೆದಿಟ್ಟುಕೊಳ್ಳಿ, ಅಳಿಸಬೇಡಿ. ಗ್ಯಾರೇಜಿನವರಿಗೆ ಅದು ಬೇಕಾಗುತ್ತದೆ.

ಹಂತ 3: ಬಗ್ಗಿ ನೋಡಿ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಸೈಲೆನ್ಸರ್ ಮ್ಯಾನಿಫೋಲ್ಡ್ ಮುಟ್ಟಿದರೆ ಕೈ ಸುಡುತ್ತದೆ.

ಮೊದಲು ವೈರ್. ಕಾಫಿ ಗೋದಾಮಿನ ಪಕ್ಕ ಕಾರ್ ಶೆಡ್ ಇದ್ದರೆ ಇಲಿ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರಿಕೊಂಡು ವೈರ್ ಕಡಿಯುತ್ತದೆ. ಆಮೇಲೆ ಕನೆಕ್ಟರ್. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ವಾರಗಟ್ಟಲೆ ಕಾರು ಒಣಗುವುದೇ ಇಲ್ಲ, ಅಲ್ವಾ? ಪಿನ್‌ಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಆಯುಧಪೂಜೆಗೆಂದು ಎಂಜಿನ್‌ಗೆ ಜೋರು ನೀರು ಹೊಡೆಸಿದ ಮರುದಿನ ಲೈಟ್ ಬಂದರೆ ಇಲ್ಲೇ ನೋಡಿ. ಕನೆಕ್ಟರ್ ಬಿಚ್ಚಿ, ಬಟ್ಟೆಯಿಂದ ಒರೆಸಿ, ಗಾಳಿಗೆ ಒಣಗಿಸಿ, ಮತ್ತೆ ಹಾಕಿ. ಗ್ರೀಸ್, ಸ್ಪ್ರೇ ಹೊಡೆಯಬೇಡಿ. ಈ ಸೆನ್ಸರಿಗೆ ಹೋಲಿಸಿ ನೋಡಲು ಹೊರಗಿನ ಶುದ್ಧ ಗಾಳಿ ಬೇಕು. ಬಹಳಷ್ಟು ಸೆನ್ಸರ್‌ಗಳು ಆ ಗಾಳಿಯನ್ನು ವೈರ್‌ನ ಒಳಗಿನಿಂದಲೇ ಎಳೆದುಕೊಳ್ಳುತ್ತವೆ. ಅದನ್ನು ಮುಚ್ಚಿದರೆ ಒಳ್ಳೆಯ ಸೆನ್ಸರೂ ಸುಳ್ಳು ಹೇಳಲು ಶುರುಮಾಡುತ್ತದೆ. ವೈರ್‌ಗೆ ಬೆಸುಗೆ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.

ಮೂರನೆಯದು ಸೈಲೆನ್ಸರ್ ಸೋರಿಕೆ. ತೋಟದ ಕಲ್ಲು ದಾರಿಯಲ್ಲಿ ತಳ ಬಡಿದು ಜಾಯಿಂಟ್ ಸಡಿಲವಾಗಿರುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಶಬ್ದ ಕೇಳಿದರೆ ಅಥವಾ ಜಾಯಿಂಟ್ ಹತ್ತಿರ ಕಪ್ಪು ಮಸಿ ಕಂಡರೆ ಅಲ್ಲಿ ತೂತಿದೆ. ಸೆನ್ಸರ್‌ಗಿಂತ ಮುಂದೆ ತೂತಿದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಪೆಟ್ರೋಲ್ ಕಡಿಮೆಯಾಗಿದೆ ಎಂದು ಸೆನ್ಸರ್ ತಪ್ಪಾಗಿ ಹೇಳುತ್ತದೆ.

ಹೀಟರ್ ಕೋಡ್ ಬಂದಿದ್ದರೆ ಮೊದಲು ಫ್ಯೂಸ್ ನೋಡಿ. ಅದು ಸರಿ ಇದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ನಾಲ್ಕು ವೈರ್‌ನ ಸೆನ್ಸರ್‌ನಲ್ಲಿ ಒಂದೇ ಬಣ್ಣದ ಎರಡು ವೈರ್ ಸಾಮಾನ್ಯವಾಗಿ ಹೀಟರ್‌ದು. ತಣ್ಣಗಿರುವಾಗ ಅವೆರಡರ ನಡುವೆ ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಹೀಟರ್ ಕಡಿದಿದೆ. ಡಿಸೆಂಬರ್ ಚಳಿಯಲ್ಲಿ ಮನೆಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಇದು ದೊಡ್ಡ ನಷ್ಟ. ಸೆನ್ಸರ್ ಬಿಸಿಯಾಗುವಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತದೆ. ದಾರಿಯುದ್ದಕ್ಕೂ ಪೆಟ್ರೋಲ್ ಜಾಸ್ತಿ ಹೋಗಿರುತ್ತದೆ.

ಹಂತ 4: ಘಟ್ಟದಲ್ಲೇ ಪರೀಕ್ಷೆ ಮಾಡಿ

ಇದು ನನಗೆ ತುಂಬ ಇಷ್ಟವಾದ ಭಾಗ. ಸೆನ್ಸರ್ ಪರೀಕ್ಷೆಗೆ ನಮ್ಮ ಘಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಜೊತೆಗೆ ಇನ್ನೊಬ್ಬರು ಬೇಕು. ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ಮೊಬೈಲ್ ನೋಡುತ್ತಾರೆ. ಓಡಿಸುವವರು ಮೊಬೈಲ್ ಕಡೆ ಕಣ್ಣು ಹಾಯಿಸಲೇಬಾರದು. ಮಂಜು ಇದ್ದರೆ ಆ ದಿನ ಬೇಡ.

ಹತ್ತು ಹದಿನೈದು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿಕೊಳ್ಳಿ. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ಮೂರನೇ ಗೇರಿನಲ್ಲಿಟ್ಟು ಆಕ್ಸಿಲೇಟರ್ ಪೂರ್ತಿ ಬಿಡಿ. ಆಗ ಇಸಿಯು ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ಸೈಲೆನ್ಸರಿನಲ್ಲಿ ಬರುವುದು ಬರೀ ಗಾಳಿ. ಮುಂದಿನ ಸೆನ್ಸರ್ 0.1 ವೋಲ್ಟ್‌ಗೂ ಕೆಳಗೆ ಇಳಿದು ಅಲ್ಲೇ ನಿಲ್ಲಬೇಕು. ಅಲ್ಲೂ 0.7 ಎಂದು ತೋರಿಸುತ್ತಿದ್ದರೆ ಸೆನ್ಸರ್ ಅಥವಾ ಅದರ ವೈರ್ ಸುಳ್ಳು ಹೇಳುತ್ತಿದೆ. ಬೇರೆ ಸಾಕ್ಷಿ ಬೇಕಿಲ್ಲ.

ವಾಪಸ್ ಏರುವಾಗ ಒಂದು ನೇರ ಏರಿನಲ್ಲಿ ಆಕ್ಸಿಲೇಟರ್ ಜೋರಾಗಿ ಒತ್ತಿ. ಈಗ 0.8 ದಾಟಬೇಕು. ದಾಟದೆ ಕೆಳಗೇ ಬಿದ್ದಿದ್ದರೆ ಎರಡು ಸಾಧ್ಯತೆ. ಸೆನ್ಸರ್ ಸತ್ತಿರಬಹುದು, ಇಲ್ಲವೇ ನಿಜವಾಗಿಯೂ ಪೆಟ್ರೋಲ್ ಸಾಲುತ್ತಿಲ್ಲ. ಕಾರು ಬಲವಾಗಿ ಎಳೆಯುತ್ತಿದ್ದರೂ ಸೆನ್ಸರ್ 0.1 ಅನ್ನುತ್ತಿದ್ದರೆ ನನ್ನ ಅನುಮಾನ ಸೆನ್ಸರ್ ಮೇಲೆಯೇ.

ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮುಂದಿನ ಸೆನ್ಸರ್ 0.1ಕ್ಕೂ 0.9ಕ್ಕೂ ನಡುವೆ ಬೇಗ ಬೇಗ ಓಲಾಡುತ್ತಿರಬೇಕು. ನಿಧಾನವಾಗಿ ಸೋಮಾರಿಯ ಹಾಗೆ ಏರಿಳಿದರೆ ವಯಸ್ಸಾಗಿದೆ. ಹಿಂದಿನ ಸೆನ್ಸರ್ ಮಾತ್ರ 0.6, 0.7ರ ಹತ್ತಿರ ಹೆಚ್ಚು ಅಲುಗಾಡದೆ ಇರಬೇಕು. ಅದೂ ಮುಂದಿನದರ ಹಾಗೇ ಓಲಾಡುತ್ತಿದ್ದರೆ ಕ್ಯಾಟ್ ಸೋತಿದೆ.

ಅದೇ ಆ್ಯಪಿನಲ್ಲಿ ಫ್ಯೂಯಲ್ ಟ್ರಿಮ್ ಅಂತ ಇರುತ್ತದೆ. ಸಿದ್ಧ ಲೆಕ್ಕಕ್ಕಿಂತ ಇಸಿಯು ಎಷ್ಟು ಪೆಟ್ರೋಲ್ ಹೆಚ್ಚಿಸಿದೆ, ಎಷ್ಟು ಇಳಿಸಿದೆ ಎನ್ನುವ ಅಂಕಿ ಅದು. ಹೆಚ್ಚು ಕಡಿಮೆ 10 ಪ್ರತಿಶತದ ಒಳಗಿದ್ದರೆ ನೆಮ್ಮದಿ. 20 ದಾಟಿದ್ದರೆ ಎಲ್ಲೋ ಏನೋ ಕೆಟ್ಟಿದೆ.

ಒಂದು ಎಚ್ಚರಿಕೆ. ಐದಾರು ವೈರ್‌ನ ವೈಡ್‌ಬ್ಯಾಂಡ್ ಸೆನ್ಸರ್ ಇರುವ ಕಾರುಗಳಿಗೆ ಈ ವೋಲ್ಟ್ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಆ್ಯಪ್ ತೋರಿಸುವ ಲ್ಯಾಂಬ್ಡಾ ಅಂಕಿ ನೋಡಿ. ಸರಿಯಾದ ಮಿಶ್ರಣಕ್ಕೆ ಅದು 1.

ಹಂತ 5: ಬಿಚ್ಚಬೇಕಾ, ಬಿಡಬೇಕಾ?

ಸತ್ತ ಸೆನ್ಸರಿಗಿಂತ ಸುಳ್ಳು ಹೇಳುವ ಸೆನ್ಸರ್ ಜಾಸ್ತಿ ಅಪಾಯ. ಸೆನ್ಸರ್ ಸುಮ್ಮನಾದರೆ ಇಸಿಯು ಅದನ್ನು ಬಿಟ್ಟು ಸಿದ್ಧ ಲೆಕ್ಕಕ್ಕೆ ಹೋಗುತ್ತದೆ. ಆದರೆ "ಪೆಟ್ರೋಲ್ ಸಾಲದು, ಸಾಲದು" ಎಂದು ಅದು ಸುಳ್ಳು ಹೇಳುತ್ತಲೇ ಇದ್ದರೆ, ಇಸಿಯು ನಂಬಿ ಸುರಿಯುತ್ತಲೇ ಇರುತ್ತದೆ. ಹೊಗೆ ಕಪ್ಪಾಗುತ್ತದೆ, ಕಾರು ಜಗ್ಗುತ್ತದೆ. ಇಂಥ ಹೊತ್ತಿನಲ್ಲಿ ಕನೆಕ್ಟರ್ ಬಿಚ್ಚಿದರೆ ಕಾರು ಚೆನ್ನಾಗಿ ಓಡುತ್ತದೆ. ನನ್ನ ಕಾರಿನಲ್ಲಿ ಆದದ್ದೂ ಅದೇ. ಬಿಚ್ಚಿದ್ದು ತಪ್ಪಲ್ಲ. ಬಿಚ್ಚಿದ್ದನ್ನು ಹೇಳದೆ, ಸರಿ ಮಾಡದೆ ಕಳಿಸಿದ್ದು ತಪ್ಪು.

ಆದ್ದರಿಂದ ಕಾರು ಜಗ್ಗುತ್ತಿದ್ದರೆ, ಕಪ್ಪು ಹೊಗೆ ಬರುತ್ತಿದ್ದರೆ, ಮನೆ ತಲುಪಲು ಮುಂದಿನ ಸೆನ್ಸರ್ ಬಿಚ್ಚಿ ನೋಡಬಹುದು. ಇಗ್ನಿಷನ್ ಆಫ್ ಇರಲಿ, ಎಂಜಿನ್ ತಣ್ಣಗಿರಲಿ. ಬಿಚ್ಚಿದ ತುದಿಗೆ ಪ್ಲಾಸ್ಟಿಕ್ ಸುತ್ತಿ, ಬಿಸಿ ಪೈಪಿಗೆ ತಾಗದಂತೆ, ಫ್ಯಾನ್‌ಗೆ ಸಿಗದಂತೆ ಕಟ್ಟಿ. ಬಿಚ್ಚಿದ ಮೇಲೂ ಜಗ್ಗುವುದು ನಿಲ್ಲದಿದ್ದರೆ ತೊಂದರೆ ಬೇರೆ ಕಡೆ ಇದೆ. ಮತ್ತೆ ಹಾಕಿಬಿಡಿ. ಕಾರು ಸರಿಯಾಗಿಯೇ ಓಡುತ್ತಿದ್ದು ಲೈಟ್ ಮಾತ್ರ ಇದ್ದರೆ ಏನನ್ನೂ ಬಿಚ್ಚಬೇಡಿ.

ಹಂತ 6: ಹಾಗೇ ಓಡಿಸುವಾಗ

ನನ್ನ ಮಿತಿ ಎರಡು ಮೂರು ದಿನ, ನೂರು ನೂರೈವತ್ತು ಕಿಲೋಮೀಟರ್. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಅಲ್ಲಿಗೆ ರಿಪೇರಿಗೆ ಹೋಗುವುದಾದರೆ ಸರಿ. ಮಕ್ಕಳನ್ನು ಕೂರಿಸಿಕೊಂಡು ಕಣ್ಣೂರಿಗೆ ಮದುವೆಗೆ ಹೊರಡುವುದು ಬೇಡ.

ಭಾರ ಕಡಿಮೆ ಮಾಡಿ. ಡಿಕ್ಕಿಯಲ್ಲಿ ಕಾಫಿ ಮೂಟೆ ಇದ್ದರೆ ಇಳಿಸಿ. ಏರಿನಲ್ಲಿ ಒಂದು ಗೇರ್ ಕಡಿಮೆ ಇಟ್ಟುಕೊಂಡು ಆಕ್ಸಿಲೇಟರ್ ಹಗುರವಾಗಿ ಒತ್ತಿ. ದೊಡ್ಡ ಗೇರಿನಲ್ಲಿ ಒದ್ದಾಡಿಸಬೇಡಿ. ಓವರ್‌ಟೇಕ್ ಮಾಡುವ ಅವಸರ ಬೇಡ. ಇಳಿಯುವಾಗ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವ ಮಾತನ್ನು ನಂಬಬೇಡಿ, ಬ್ರೇಕ್ ಬಿಸಿಯಾಗುತ್ತದೆ ಅಷ್ಟೇ.

ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. ನನ್ನ ಕಾರು ಲೀಟರಿಗೆ 16 ಕಿಲೋಮೀಟರ್ ಕೊಡುತ್ತಿದ್ದುದು 12ಕ್ಕೆ ಇಳಿದಿತ್ತು. 35 ಲೀಟರ್ ಟ್ಯಾಂಕಿಗೆ 560 ಹೋಗುತ್ತಿದ್ದದ್ದು 420ಕ್ಕೆ ಮುಗಿದ ಹಾಗಾಯಿತು.

ಫೆಬ್ರವರಿ, ಮಾರ್ಚ್‌ನಲ್ಲಿ ಇನ್ನೊಂದು ಮಾತು. ಪೆಟ್ರೋಲ್ ಜಾಸ್ತಿ ಹೋಗುತ್ತಿರುವ ಕಾರಿನ ಕ್ಯಾಟ್ ಮಾಮೂಲಿಗಿಂತ ಬಿಸಿಯಾಗಬಹುದು. ಒಣಹುಲ್ಲು, ಸಿಲ್ವರ್ ಮರದ ತರಗೆಲೆ, ಕಾಫಿ ಹೊಟ್ಟಿನ ಮೇಲೆ ಕಾರು ನಿಲ್ಲಿಸಬೇಡಿ. ತೋಟಕ್ಕೆ ಬೆಂಕಿ ಬಿದ್ದರೆ ಎಷ್ಟು ವರ್ಷದ ದುಡಿಮೆ ಹೋಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬರಿಯ ಮಣ್ಣಿನ ಮೇಲೆ, ಟಾರಿನ ಮೇಲೆ ನಿಲ್ಲಿಸಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತಾ ಬಿಡಬೇಡಿ. ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬರುತ್ತದೆ, ಅದಕ್ಕೆ ವಾಸನೆ ಇಲ್ಲ.

ಆಗಾಗ ಎಂಜಿನ್ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ಏರಿದ್ದರೆ, ಸುಡದ ಪೆಟ್ರೋಲ್ ಕೆಳಗೆ ಇಳಿದು ಆಯಿಲ್ ತೆಳುವಾಗಿದೆ. ಓಡಿಸುವುದು ಅಲ್ಲಿಗೇ ನಿಲ್ಲಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೂ, ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಎಳೆಯದಿದ್ದರೂ ನಿಲ್ಲಿಸಿ. ನಾನು ಆ ದಿನ ಘಟ್ಟದಲ್ಲೇ ನಿಲ್ಲಿಸಿದ್ದರೆ ಬಹುಶಃ ಕ್ಯಾಟ್ ಉಳಿಯುತ್ತಿತ್ತು.

ಹೊಗೆ ತಪಾಸಣೆಯಲ್ಲಿ ಇಂಥ ಕಾರು ಪಾಸಾಗುವುದು ಕಷ್ಟ. ಸರ್ಟಿಫಿಕೇಟ್ ಇಲ್ಲದೆ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡ ಇದೆ.

ಹಂತ 7: ಹೊಸದು ಹಾಕುವುದು

ಸ್ವಲ್ಪ ಕೈ ಕೆಲಸ ಬಂದರೆ ಮನೆಯಲ್ಲೇ ಮಾಡಬಹುದು. ಹಿಂದಿನ ಸಂಜೆ ಸೆನ್ಸರ್‌ನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ನಮ್ಮ ಮಳೆಗೆ ತುಕ್ಕು ಗಟ್ಟಿಯಾಗಿಯೇ ಹಿಡಿದಿರುತ್ತದೆ. ಮರುದಿನ ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ, ಉಗುರು ಬೆಚ್ಚಗಾಗುವವರೆಗೆ ಕಾಯಿರಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹೆಚ್ಚಿನ ಸೆನ್ಸರ್‌ಗಳಿಗೆ 22 ಎಂಎಂ ಸ್ಪ್ಯಾನರ್ ಬೇಕು. ವೈರ್ ಹಾಯಲು ಪಕ್ಕದಲ್ಲಿ ಸೀಳಿರುವ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಬರದಿದ್ದರೆ ಜೋರು ಮಾಡಬೇಡಿ. ತ್ರೆಡ್ ಕಿತ್ತು ಬಂದರೆ ಕೆಲಸ ಮೂರು ಪಟ್ಟಾಗುತ್ತದೆ. ಆಗ ಗ್ಯಾರೇಜೇ ವಾಸಿ.

ಹೊಸ ಸೆನ್ಸರ್ ಹಳೆಯದರ ಪಾರ್ಟ್ ನಂಬರಿಗೆ ತಾಳೆಯಾಗಬೇಕು. ಕೆಳಗೆ ಬೀಳಿಸಬೇಡಿ, ಒಳಗಿನ ಪಿಂಗಾಣಿ ಬಿರುಕು ಬಿಡುತ್ತದೆ. ತುದಿಯನ್ನು ಮುಟ್ಟಬೇಡಿ. ತ್ರೆಡ್‌ಗೆ ಹಚ್ಚುವ ಪೇಸ್ಟ್ ಸಾಮಾನ್ಯವಾಗಿ ಬರುವಾಗಲೇ ಇರುತ್ತದೆ, ಮತ್ತೆ ಹಚ್ಚುವುದಾದರೂ ತುದಿಗೆ ತಾಗಬಾರದು. ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್. ಸಾಮಾನ್ಯ ಬಿಗಿತ 40 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳುವುದೇ ಅಂತಿಮ. ವೈರ್ ಮೊದಲು ಎಲ್ಲಿ ಹಾದುಹೋಗಿತ್ತೋ ಅಲ್ಲೇ, ಅದೇ ಕ್ಲಿಪ್ಪಿನಲ್ಲಿ ಕೂರಿಸಿ.

ಸೈಲೆನ್ಸರ್ ಜಾಯಿಂಟಿಗಾಗಲಿ ಎಂಜಿನ್‌ಗಾಗಲಿ ಮಾಮೂಲಿ ಸಿಲಿಕೋನ್ ಅಂಟು ಹಚ್ಚಿಸಬೇಡಿ. ಅದರ ಆವಿ ಹೊಸ ಸೆನ್ಸರಿಗೆ ವಿಷ. ಸೆನ್ಸರಿಗೆ ಹಾನಿ ಮಾಡದ ಅಂಟು ಬೇರೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಎಂಜಿನ್ ಆಯಿಲ್ ಸುಡುತ್ತಿದ್ದರೆ, ಕೂಲೆಂಟ್ ಒಳಗೆ ಸೋರುತ್ತಿದ್ದರೆ ಅದನ್ನು ಮೊದಲು ಸರಿ ಮಾಡಿಸಿ. ಇಲ್ಲದಿದ್ದರೆ ಹೊಸದೂ ಬೇಗ ಹೋಗುತ್ತದೆ. ರೆಸಿಸ್ಟರ್ ಹಾಕಿ ಇಸಿಯುಗೆ ಮೋಸ ಮಾಡುವ, ಸೆನ್ಸರ್ ಹಿಂದಕ್ಕೆ ಸರಿಸಿ ಲೈಟ್ ಆರಿಸುವ ಉಪಾಯಗಳನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಲೈಟ್ ಆರುತ್ತದೆ, ಕಾಯಿಲೆ ಉಳಿಯುತ್ತದೆ.

ಈಗ ಕೋಡ್ ಅಳಿಸಿ. ಒಂದು ವಾರ ಮಾಮೂಲಿಯಾಗಿ ಓಡಿಸಿ ಫ್ಯೂಯಲ್ ಟ್ರಿಮ್ ಮತ್ತೆ ನೋಡಿ. 10ರ ಒಳಗೆ ಬಂದಿರಬೇಕು. ಸ್ಪಾರ್ಕ್ ಪ್ಲಗ್ ಒಂದನ್ನು ಬಿಚ್ಚಿ ನೋಡಿ. ಕಪ್ಪು ಮಸಿ ಹೋಗಿ ತಿಳಿ ಕಂದು ಬಣ್ಣ ಬಂದಿರಬೇಕು. ಆಮೇಲೆ ಅದೇ ಘಟ್ಟ ಇಳಿದು ಆ ಪರೀಕ್ಷೆ ಇನ್ನೊಮ್ಮೆ ಮಾಡಿ, ಅಂಕಿಗಳನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಮಳೆಗಾಲದಲ್ಲಿ ಭಾಗಮಂಡಲದ ಕಡೆ ರಸ್ತೆ ಮೇಲೆ ನೀರು ನಿಂತಿದ್ದರೆ, ಬಿಸಿ ಎಂಜಿನ್‌ನಲ್ಲಿ ರಭಸವಾಗಿ ನುಗ್ಗಬೇಡಿ. ಕಾದ ಪಿಂಗಾಣಿಗೆ ತಣ್ಣೀರು ಬಿದ್ದರೆ ಹೊಸ ಸೆನ್ಸರೂ ಒಡೆಯುತ್ತದೆ.